ಬೇಸ್‌ಮೆಂಟಿನ ಹುಡುಗನ ವಿಚಾರಣೆ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ರಾಕ್‌ವಿಲ್‌ನಲ್ಲಿ ದಿನಸಿ ಅಂಗಡಿ ನಡೆಸುವ ರೇಣುಕಾದೇವಿಯವರ ಬಾಯಲ್ಲಿ ಯಾವ ಗಂಡೂ ಕೆಟ್ಟವನಲ್ಲ. ಹೆಣ್ಣಿನ ಕಡೆಯವರು ಬೇಳೆ ಕೊಳ್ಳುವ ನೆಪದಲ್ಲಿ ಬಂದು ಹುಡುಗ ಹೇಗೆ ಎಂದು ಕೇಳಿದರೆ, ಚಿನ್ನದಂಥವನು ಎನ್ನುತ್ತಿದ್ದರು. ಬದನೆಕಾಯಿಯ ಹುಳುಕನ್ನು ಗಿರಾಕಿಗೆ ತಾವೇ ತೋರಿಸುವ ಹೆಂಗಸು ಹುಡುಗರ ಹುಳುಕನ್ನು ಮಾತ್ರ ಸೆರಗಿನಲ್ಲಿ ಮುಚ್ಚುತ್ತಿದ್ದರು. ಆಗುವ ಮದುವೆಗೆ ಅಡ್ಡಗಾಲು ಹಾಕಬಾರದಲ್ಲ.

ಅವರ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದ ಯಶವಂತ್ ಇಲ್ಲೇ ಹುಟ್ಟಿದವನು, ಮೂವತ್ತು ದಾಟಿದ ನೆಟ್‌ವರ್ಕ್ ಎಂಜಿನಿಯರ್. ಸಂಜೆ ಹಿತ್ತಿಲಲ್ಲಿ ಕೂತು ಗಾಂಜಾ ಸೇದುತ್ತಿದ್ದ. ಮೇರಿಲ್ಯಾಂಡಿನಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕ ಮೇಲಂತೂ ಕದ್ದು ಸೇದುವ ಮರ್ಯಾದೆಯನ್ನೂ ಬಿಟ್ಟ. ಒಗ್ಗರಣೆಗೆ ವಾಸನೆ ಹತ್ತೀತು ಎಂದು ಗೊಣಗಿ, ರೇಣುಕಾದೇವಿ ಕರಿಬೇವಿನ ಕುಂಡವನ್ನು ದೂರ ಸರಿಸಿದ್ದರು, ಅಷ್ಟೆ.

ಆಮೇಲೆ ಅವನಿಗೆ ಬಹಳ ದಿನದಿಂದ ಆಸೆಪಟ್ಟಿದ್ದ ಕೆಲಸ ಸಿಕ್ಕಿತು. ಆದರೆ ಅದಕ್ಕೆ ಫೆಡರಲ್ ಸರ್ಕಾರದ, ಅಂದರೆ ಕೇಂದ್ರದ, ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕು; ಪೂರ್ವಾಪರವನ್ನೆಲ್ಲ ಜಾಲಾಡಿ ಕೊಡುವ ಒಪ್ಪಿಗೆ. ರಾಜ್ಯ ಒಪ್ಪಿದ ಗಾಂಜಾವನ್ನು ಆ ಸರ್ಕಾರ ಒಪ್ಪಿಲ್ಲ. ಹಿಂದೆ ಸೇದಿದ್ದೆ ಎಂದರೆ ತೂಗಿ ನೋಡುತ್ತಾರೆ. ಈಗಲೂ ಸೇದುತ್ತಿದ್ದರೆ ಕ್ಲಿಯರೆನ್ಸಿನ ಆಸೆ ಬಿಡಬೇಕು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಇನ್ನೂ ಕೆಟ್ಟದ್ದು. ಯಶವಂತ್ ಉಳಿದದ್ದನ್ನೆಲ್ಲ ಕಸಕ್ಕೆ ಎಸೆದ, ಅರ್ಜಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆದ. ಸಂಜೆ ಅವನ ಕೈ ಚಡಪಡಿಸಿದಾಗಲೆಲ್ಲ ರೇಣುಕಾದೇವಿ ಅವನ ಮುಂದೆ ಬೆಳ್ಳುಳ್ಳಿ ಸುರಿದು ಸುಲಿ ಎಂದರು. ಆ ಚಳಿಗಾಲ ಅಂಗಡಿಯಲ್ಲಿ ಸುಲಿದ ಬೆಳ್ಳುಳ್ಳಿಗೆ ಬರವೇ ಬರಲಿಲ್ಲ.

ಮನೆಯೊಡತಿಯನ್ನು ವಿಚಾರಿಸಲು ತನಿಖಾಧಿಕಾರಿ ಬರುತ್ತಾರೆಂದು ತಿಳಿದಾಗ ರೇಣುಕಾದೇವಿಯವರೇ ಅವನಿಗೆ ಧೈರ್ಯ ಹೇಳಿದರು. "ನೀನ್ಯಾಕಪ್ಪ ಹೆದರ್ತೀಯ? ಕಾಫಿ ಕೂಡ ಕುಡಿಯಲ್ಲ ಅಂತ ಹೇಳ್ತೀನಿ."

ಯಶವಂತ್ ಸುಲಿಯುತ್ತಿದ್ದ ಬೆಳ್ಳುಳ್ಳಿ ಬಿಟ್ಟು ಎದ್ದ. "ನೋ ಆಂಟಿ, ಪ್ಲೀಸ್. ನಾನು ಟ್ರೂತ್ ಬರೆದಿದೀನಿ. ನೀವು ಸುಳ್ಳು ಹೇಳಿದ್ರೆ ನನ್ ಜಾಬ್ ಹೋಗುತ್ತೆ."

"ನಿನ್ ಮೇಲೆ ನಾನೇ ಚಾಡಿ ಹೇಳ್ಲಾ?"

"ಹೇಳಿ ಆಂಟಿ. ಪೂರ್ತಿ ಹೇಳಿ."

ಅಧಿಕಾರಿಣಿ ಬಂದು ಕೂತಾಗ 'ಚಿನ್ನದಂಥವನು' ಎಂಬ ಮಾತು ರೇಣುಕಾದೇವಿಯವರ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡು, ಸೇದುತ್ತಿದ್ದುದನ್ನೂ ಬಿಟ್ಟದ್ದನ್ನೂ ಹೇಳಿದರು. ಒಮ್ಮೆ ನಿಜಕ್ಕೆ ತೆರೆದ ಬಾಯಿ ಸುಲಭಕ್ಕೆ ಮುಚ್ಚಲಿಲ್ಲ: ಕಸದ ಡಬ್ಬಿ ಹೊರಗಿಡುವುದಿಲ್ಲ, ಸಾರಿನ ಪಾತ್ರೆ ತೊಳೆಯುವುದಿಲ್ಲ, ತಾಯಿಗೆ ಫೋನ್ ಮಾಡುವುದಿಲ್ಲ. ಮತ್ತೆ ಶುರುಮಾಡಿದರೆ ಎಂದು ಆಕೆ ಕೇಳಿದ್ದಕ್ಕೆ, ತಾನು ಬೆಲ್ಲಕ್ಕೇ ಗ್ಯಾರಂಟಿ ಕೊಡುವವಳಲ್ಲ, ಆದರೆ ಅವನು ಸುಲಿದ ಬೆಳ್ಳುಳ್ಳಿ ಅಂಗಡಿಯಲ್ಲಿದೆ, ಬೇಕಾದರೆ ನೋಡಬಹುದು ಎಂದರು.

ತಿಂಗಳುಗಳು ಕಳೆದು ಕ್ಲಿಯರೆನ್ಸ್ ಬಂತು. ಅದರ ಬೆನ್ನಿಗೇ ನಾರ್ತ್ ಕ್ಯಾರೊಲಿನಾದಿಂದ ಶ್ರೀಲತಾ ಎಂಬುವವರ ಫೋನೂ ಬಂತು. ಮಗಳಿಗೆ ಯಶವಂತನನ್ನು ನೋಡುತ್ತಿದ್ದರು, ಹುಡುಗ ಹೇಗೆ?

ಅಕ್ಕಿ ಮೂಟೆ ಇಳಿಸುತ್ತಿದ್ದ ಯಶವಂತನನ್ನು ರೇಣುಕಾದೇವಿ ಒಮ್ಮೆ ನೋಡಿದರು.

"ಗಾಂಜಾ ಸೇದ್ತಿದ್ದ ಕಣ್ರೀ, ಈಗ ಬಿಟ್ಟಿದಾನೆ. ಸರ್ಕಾರಕ್ಕೇ ಹೇಳಿದೀನಿ, ನಿಮಗೆ ಮುಚ್ಚಿಡ್ಲಾ? ಅವರಂತೂ ಒಪ್ಕೊಂಡಿದಾರೆ. ಇನ್ನು ನಿಮ್ಮಿಷ್ಟ."

ಮನೆಯವರನ್ನು ಕೇಳಿ ಹೇಳುತ್ತೇನೆ ಎಂದು ಶ್ರೀಲತಾ ಫೋನಿಟ್ಟರು. ಯಶವಂತ್ ಮೂಟೆ ಕೆಳಗಿಟ್ಟು, ಬೆಳ್ಳುಳ್ಳಿ ಬುಟ್ಟಿಯನ್ನು ಮೆಲ್ಲನೆ ತನ್ನತ್ತ ಎಳೆದುಕೊಂಡ.