ಆಷಾಢಕ್ಕೆ ತವರಿಗೆ ಹೋದ ಪುಸ್ತಕಗಳು

ಅವರ ಮೂಗಿನ ತುದಿ ಸದಾ ಕೆಂಪಗಿರುತ್ತಿತ್ತು. ಬೂಷ್ಟು ಹಿಡಿದ ಪುಸ್ತಕ ಕೈಗೆ ಬಂದರೆ ಸಾಲುಸಾಲಾಗಿ ಸೀನು. ಸೊಂಟಕ್ಕೆ ಸಿಕ್ಕಿಸಿದ ಕರವಸ್ತ್ರ ತೆಗೆಯುವಷ್ಟರಲ್ಲಿ ಇನ್ನೊಂದು. ಇಂಥವರು ಕೊಪ್ಪ ತಾಲ್ಲೂಕಿನ ನಮ್ಮ ಹೈಸ್ಕೂಲಿಗೆ ಲೈಬ್ರರಿ ಟೀಚರ್. ಹಾಗೆಂದು ಪುಸ್ತಕದಿಂದ ದೂರ ನಿಂತವರಲ್ಲ. ಮಕ್ಕಳು ವಾಪಸು ತಂದದ್ದನ್ನು ನಡುವೆ ಬಿಡಿಸಿ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಸೀನು ಬಂತೋ, ಆ ಪುಸ್ತಕಕ್ಕೆ ಬಿಸಿಲು ಬೇಕೆಂದು ಅರ್ಥ.

ನಾನು ಅದೇ ಶಾಲೆಯ ಪಿ.ಟಿ. ಮೇಷ್ಟ್ರು. ಪುಸ್ತಕಕ್ಕೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೆ ನಮ್ಮ ಕಡೆ ಮಳೆ ಹಿಡಿದರೆ ಆಟದ ಮೈದಾನ ಕೆರೆಯಾಗುತ್ತದೆ, ಪಿ.ಟಿ. ಮೇಷ್ಟ್ರಿಗೆ ಕೆಲಸವಿರುವುದಿಲ್ಲ. ಸ್ಟಾಫ್ ರೂಮಿನಲ್ಲಿ ಕಣ್ಣಿಗೆ ಬಿದ್ದರೆ ಯಾರದೋ ಪೀರಿಯಡ್ಡು ತಲೆಗೆ ಕಟ್ಟುತ್ತಾರೆಂದು ಲೈಬ್ರರಿಯಲ್ಲಿ ಅಡಗಿ ಕೂರುತ್ತಿದ್ದೆ.

"ಸುಮ್ನೆ ಕೂರಕ್ಕೆ ಇದೇನು ಬಸ್ ಸ್ಟ್ಯಾಂಡಾ ಮೇಷ್ಟ್ರೇ? ಎಂತಾದ್ರೂ ಓದಿ" ಎಂದು ಟೀಚರ್ ಒಂದು ಬೇಟೆ ಕಥೆಯ ಪುಸ್ತಕ ಕೈಗಿಟ್ಟರು. ಅದು ಮುಗಿಯುವುದರೊಳಗೆ ಇನ್ನೊಂದನ್ನು ತೆಗೆದಿಟ್ಟಿದ್ದರು. ನನಗೆ ಓದಿನ ಹುಚ್ಚು ಹಿಡಿದದ್ದು ಹೀಗೆ. ನನ್ನ ಹೆಂಡತಿ ಇವತ್ತಿಗೂ ಇದನ್ನು ಪೂರ್ತಿ ನಂಬಿಲ್ಲ.

ಟೀಚರಿಗೆ ಪರಮ ಶತ್ರುಗಳೆಂದರೆ ಕಬ್ಬಿಣದ ಬೀರುಗಳು. ಯಾರೋ ದಾನಿಗಳು ಕೊಟ್ಟದ್ದು. ಒಳಗಿನ ಪುಸ್ತಕಕ್ಕಿಂತ ಅವುಗಳ ಬೆಲೆಯೇ ಜಾಸ್ತಿ, ಮೂಗಿಗಿಂತ ಮೂಗುತಿ ಭಾರ. ಮಳೆಗಾಲದಲ್ಲಿ ಅವು ಒಳಗೊಳಗೇ ಬೆವರುತ್ತವೆ. ಬೀಗ ಹಾಕಿಟ್ಟ ಪುಸ್ತಕ ನವರಾತ್ರಿ ಹೊತ್ತಿಗೆ ಹಾಳೆಗೆ ಹಾಳೆ ಅಂಟಿ ಇಟ್ಟಿಗೆಯಾಗಿರುತ್ತದೆ. ಅದಕ್ಕೆ ಅವರು ಮಾಡಿದ ಉಪಾಯ ಯಾವ ಶಾಲೆಯಲ್ಲೂ ನಾನು ಕಂಡಿದ್ದಲ್ಲ. ಆಷಾಢ ಹುಟ್ಟುವ ಮೊದಲು ಇಡೀ ಲೈಬ್ರರಿಯನ್ನು ಮಕ್ಕಳ ಮನೆಗಳಿಗೆ ಹಂಚಿಬಿಡುತ್ತಿದ್ದರು. ವಾಪಸು ಬರುವುದು ದೀಪಾವಳಿ ಕಳೆದ ಮೇಲೆ.

"ಹೊಸ ಮದುಮಗಳನ್ನ ಆಷಾಢಕ್ಕೆ ತವರಿಗೆ ಕಳ್ಸಲ್ವಾ? ಇವೂ ಹಾಗೇ. ನಾಕು ದಿನ ಬೆಚ್ಚಗಿದ್ದು ಬರ್ಲಿ" ಎನ್ನುತ್ತಿದ್ದರು.

ಯಾವ ಪುಸ್ತಕ ಯಾರ ಮನೆಗೆ ಎಂಬುದನ್ನು ಒಲೆ ನೋಡಿ ನಿರ್ಧರಿಸುತ್ತಿದ್ದರು. ದಪ್ಪ ನಿಘಂಟುಗಳೆಲ್ಲ ಬೇಕರಿಗೆ, ಭಟ್ಟಿಯ ಗೋಡೆಗೆ ಹೊಡೆದ ಹಲಗೆಯ ಮೇಲೆ. ಕಥೆ ಪುಸ್ತಕಗಳು ಕಾಫಿ ತೋಟದ ಕೂಲಿಯವರ ಲೈನ್ ಮನೆಗಳಿಗೆ, ಅಲ್ಲಿ ಸೌದೆ ಒಲೆ ಆರುವುದೇ ಕಡಿಮೆ. ತೆಳ್ಳನೆಯ ಪದ್ಯದ ಪುಸ್ತಕಗಳು ಇಸ್ತ್ರಿ ಅಂಗಡಿಗೆ. ಗ್ಯಾಸ್ ಒಲೆಯ ಮನೆಯೆಂದು ನನಗೆ ಒಂದೂ ಕೊಡುತ್ತಿರಲಿಲ್ಲ. ದೀಪಾವಳಿ ಮುಗಿಸಿ ಬಂದ ಪುಸ್ತಕಗಳಿಗೆ ಹೊಗೆಯ ವಾಸನೆ, ಅಂಚಿನಲ್ಲಿ ಅರಿಶಿನದ ಬೆರಳಚ್ಚು. ಹರಿದ ಹಾಳೆಯನ್ನು ಯಾವ ತಾಯಿಯೋ ಅನ್ನದಗುಳು ಒತ್ತಿ ಅಂಟಿಸಿರುತ್ತಿದ್ದಳು. ಅಂದರೆ ಮಕ್ಕಳಷ್ಟೇ ಓದುತ್ತಿರಲಿಲ್ಲ.

ಒಂದು ಶ್ರಾವಣದಲ್ಲಿ ತಪಾಸಣೆಗೆ ಸಾಹೇಬರು ಬಂದರು. ಬೀರು ತೆಗೆದರೆ ಖಾಲಿ.

"ಪುಸ್ತಕ ಎಲ್ಲಮ್ಮಾ?"

"ತವರಿಗೆ ಹೋಗಿದಾವೆ ಸಾರ್."

ನನಗೆ ನಗು ಬಂತು. ಸಾಹೇಬರಿಗೆ ಬರಲಿಲ್ಲ. ಅವರು ಹೋದ ಮೇಲೆ ನಮ್ಮ ಹೆಡ್‌ಮಾಸ್ಟರು ಟೀಚರನ್ನು ಕರೆದು, ವಾರದೊಳಗೆ ಎಲ್ಲ ಪುಸ್ತಕ ಬೀರುವಿನಲ್ಲಿರಬೇಕು, ಇಲ್ಲದಿದ್ದರೆ ಮುಂದಿನ ವರ್ಷ ನಿಮ್ಮನ್ನು ಇಟ್ಟುಕೊಳ್ಳುವುದು ಕಷ್ಟ ಎಂದರು. ಟೀಚರದು ಕಾಯಂ ಕೆಲಸವಲ್ಲ. ವರ್ಷವರ್ಷವೂ ಆಡಳಿತ ಮಂಡಳಿ ಮುಂದುವರಿಸಬೇಕು. ಬಾಳೆಹೊನ್ನೂರಿನ ಬಾಡಿಗೆ ಮನೆಯಲ್ಲಿ ಅವರೂ ಅವರ ತಾಯಿಯೂ ಬದುಕುತ್ತಿದ್ದದ್ದು ಆ ಸಂಬಳದಲ್ಲಿ.

"ನಾಳೆ ಪ್ರಾರ್ಥನೇಲಿ ನಾನೇ ಅನೌನ್ಸ್ ಮಾಡ್ತೀನಿ, ತಂದುಬಿಡ್ತಾರೆ" ಎಂದೆ.

"ಬ್ಯಾಡ ಮೇಷ್ಟ್ರೇ. ಈ ಮಳೇಲಿ ಮಕ್ಳು ತಂದ್ರೆ ದಾರೀಲೇ ಒದ್ದೆ ಆಗ್ತಾವೆ. ಒದ್ದೇದನ್ನ ಆ ಬೀರಲ್ಲಿ ತುಂಬೋದಂದ್ರೆ ಕೊಂದಹಾಗೇ."

"ನಿಮ್ಮ ಕೆಲ್ಸ ಹೋಗ್ತದಲ್ಲ ಮಾರಾಯ್ರೇ!"

"ನನ್ನ ಕೆಲ್ಸ ಎಂತದು ಮತ್ತೆ? ಪುಸ್ತಕ ಕಾಯೋದೇ ಅಲ್ವಾ?"

ನನಗೆ ಕೋಪ ಬಂತು. ಇದೆಂಥ ಹಟ ಎಂದು ರೇಗಿದೆ. ಅವರು ಟೇಬಲ್ಲು ಒರೆಸುತ್ತಿದ್ದರು, ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದರು. ಹೆದರಿಕೆ ಇರಲಿಲ್ಲ ಎಂದಲ್ಲ. ಆದರೂ ಪುಸ್ತಕ ತನ್ನಿ ಎಂದು ಮಕ್ಕಳಿಗೆ ಹೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಪುಸ್ತಕಗಳೆಲ್ಲ ಬಂದವು. ಬೇಸಗೆಗೆ ಅವರನ್ನು ಕೈಬಿಟ್ಟರು. ಟೀಚರ್ ಬೀಗದ ಕೈ ನನ್ನ ಕೈಗಿಟ್ಟು ಹೋದರು. ಬಾಳೆಹೊನ್ನೂರಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದರೆಂದು ಗೊತ್ತಾಯಿತು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಲೈಬ್ರರಿ ನನ್ನ ತಲೆಗೆ ಬಂತು, ಮಳೆಗಾಲದಲ್ಲಿ ಪುಸ್ತಕ ಹೊರಗೆ ಹೋಗಕೂಡದು ಎಂಬ ಕಟ್ಟಪ್ಪಣೆಯ ಜೊತೆಗೆ.

ಮತ್ತೆ ಆಷಾಢ ಹತ್ತಿರ ಬಂತು. ಒಂದು ಬೆಳಿಗ್ಗೆ ಲೈನ್ ಮನೆಯ ಹೆಂಗಸೊಬ್ಬಳು ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಲೈಬ್ರರಿಯ ಬಾಗಿಲಲ್ಲಿ ನಿಂತಿದ್ದಳು.

"ಟೀಚ್ರು ಹೋದ್ರು ಅಂತ ನಮ್ಮನಿಗೆ ಪುಸ್ತಕ ಬರೋದೂ ನಿಲ್ಬೇಕಾ ಮೇಷ್ಟ್ರೇ? ಅಟ್ಟದ ಮೇಲೆ ಜಾಗ ಮಾಡಿ ಇಟ್ಟಿದೀನಿ."

ನನ್ನದು ಕಾಯಂ ಕೆಲಸ, ಯಾರೂ ಕಿತ್ತುಕೊಳ್ಳುವಂತಿಲ್ಲ. ಅಂಥ ನಾನು ಬೀಗ ಹಿಡಿದು ಯೋಚಿಸುತ್ತಿದ್ದೆ. ಏನೂ ಭದ್ರವಿಲ್ಲದ ಟೀಚರ್ ಯೋಚಿಸಿರಲಿಲ್ಲ. ಬೀರು ತೆಗೆದೆ. ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಸಾಲು ಜಗಲಿಯವರೆಗೆ ಬೆಳೆದಿತ್ತು. ಹೆಡ್‌ಮಾಸ್ಟರು ಬಂದು ನಿಂತರು. ಇವತ್ತು ನನಗೆ ಮಂಗಳಾರತಿ ಎಂದುಕೊಂಡೆ. ಅವರು ಒಂದು ದಪ್ಪ ಪುಸ್ತಕ ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು.

"ನಮ್ಮನೇಲೂ ಸೌದೆ ಒಲೆನೇ ಮಾರಾಯ" ಎಂದು ಹೋದರು.

ಸಂಜೆ ಟೀಚರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಆ ಕಡೆಯಿಂದ ನಗು. ಅವರು ಬಾಯಿತುಂಬ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಹಬ್ಬ ಕಳದ ಮೇಲೆ ಎಲ್ಲ ಬಂದ್ವಾ ಅಂತ ಒಂದು ಫೋನ್ ಮಾಡಿ ಮೇಷ್ಟ್ರೇ, ಮರೀಬ್ಯಾಡಿ" ಎಂದರು.

ನವರಾತ್ರಿಯ ಮುಂಚೆ ಟೀಚರಿಗೆ ಜ್ವರ ಬಂತಂತೆ. ಆಸ್ಪತ್ರೆಯಿಂದ ಅವರು ಮನೆಗೆ ಬರಲಿಲ್ಲ. ನನಗೆ ವಿಷಯ ತಿಳಿದಾಗ ಎಲ್ಲ ಮುಗಿದಿತ್ತು. ಅವತ್ತು ಮೈದಾನದ ಮೂಲೆಗೆ ಹೋಗಿ ಅತ್ತಿದ್ದೇನೆ, ಸುಳ್ಳೇಕೆ ಹೇಳಲಿ.

ಫೋನ್ ಮಾಡಿ ಎಂದಿದ್ದರು. ಮಾಡುವುದು ಯಾರಿಗೆ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಎಲ್ಲ ಬಂದವು, ಟೀಚರ್. ಹೆಡ್‌ಮಾಸ್ಟರದ್ದು ಮಾತ್ರ ಸ್ವಲ್ಪ ತಡವಾಯಿತು. ಇನ್ನೂ ಓದಿ ಮುಗಿದಿರಲಿಲ್ಲವಂತೆ.