ಹತ್ತೊಂಬತ್ತನೇ ಮಾಳಿಗೆಯಲ್ಲಿ ನೀರು ಕೇಳಿದವರು

ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಆ ಸಂಜೆ ನನ್ನ ಜತೆಗಿದ್ದ ವಾಚ್‌ಮನ್ ಬಸಣ್ಣ ಈಗಲೂ ಠಾಣೆ ಶಹರದಲ್ಲೇ ಇದ್ದಾನೆ. ಕೇಳಿದರೆ ಅವನೂ ಇದನ್ನೇ ಹೇಳುತ್ತಾನೆ. ನಾನು ಒಂದು ಮಾತನ್ನೂ ಸೇರಿಸಿಲ್ಲ.

ನಾನಿರುವುದು ಠಾಣೆಗೆ ಹತ್ತಿರದ ಡೊಂಬಿವಲಿಯಲ್ಲಿ. ಕಟ್ಟಡಗಳ ಫೋಟೋ ತೆಗೆಯುವುದು ನನ್ನ ಕೆಲಸ. ಕಳೆದ ಚಳಿಗಾಲದಲ್ಲಿ ನಮ್ಮ ಕಡೆಯ ಹಳೆಯ ಮತ್ತು ಹೊಸ ಕಟ್ಟಡಗಳನ್ನು ಅಕ್ಕಪಕ್ಕದ ಪುಟಗಳಲ್ಲಿ ತೋರಿಸುವ ಪುಸ್ತಕವೊಂದಕ್ಕಾಗಿ ಅಲೆಯುತ್ತಿದ್ದೆ. ಕಲ್ಯಾಣದಲ್ಲಿ ಮರದ ಕಂಬಗಳ ವಾಡೆಗಳನ್ನು ತೆಗೆದೆ, ಠಾಣೆಯ ಕೆರೆ ದಂಡೆಯ ಹೆಂಚಿನ ಮನೆಗಳನ್ನು ತೆಗೆದೆ. ಅಂಥ ಮನೆಗಳ ಕತ್ತಲಲ್ಲಿ ಒಬ್ಬನೇ ಗಂಟೆಗಟ್ಟಲೆ ನಿಂತಿದ್ದೇನೆ, ಒಮ್ಮೆಯೂ ಹೆದರಿಕೆಯಾಗಿಲ್ಲ.

ಹೆದರಿದ್ದು ಇನ್ನೂ ಬಣ್ಣದ ವಾಸನೆ ಹೋಗದ, ಒಬ್ಬರೂ ವಾಸಕ್ಕೆ ಬಾರದ ಹೊಸ ಟವರಿನಲ್ಲಿ.

ಠಾಣೆಯ ವರ್ತಕ ನಗರದಲ್ಲಿ ನಾಲ್ಕು ಮಾಳಿಗೆಯ ಹಳೆಯ ಬಿಲ್ಡಿಂಗ್ ಕೆಡವಿ ಅದನ್ನು ಕಟ್ಟಿದ್ದರು. ನನ್ನ ವಸಂತಿ ಅಕ್ಕ ಮದುವೆಯಾಗಿ ಉಡುಪಿಯಿಂದ ಬಂದು ಸೇರಿದ್ದು ಆ ಹಳೆಯ ಬಿಲ್ಡಿಂಗಿಗೇ. ಕೆಡವಿದ ಮನೆಗೆ ಬದಲಾಗಿ ಹೊಸದರಲ್ಲಿ ಅವಳಿಗೆ ಸಿಕ್ಕಿದ್ದು ಹತ್ತೊಂಬತ್ತನೇ ಮಾಳಿಗೆಯ ಮನೆ. ಏಳು ವರ್ಷ ಬಾಡಿಗೆ ಮನೆಗಳಲ್ಲಿ ಕಾದು ಅವಳ ಕೂದಲು ನೆರೆತಿತ್ತು.

"ಹೇಗೂ ಹೋಗ್ತಿಯಲ್ಲ, ನನ್ನ ಅಡುಗೆಮನೆದೊಂದು ಫೋಟೋ ತೆಗೆದು ಕಳಿಸು ಮಾರಾಯ," ಎಂದಿದ್ದಳು.

ಸೂರ್ಯ ಮುಳುಗಿದ ಮೇಲೆ ಇಪ್ಪತ್ತು ನಿಮಿಷ ಆಕಾಶ ಗಾಢ ನೀಲಿಯಾಗಿರುತ್ತದೆ. ಕಟ್ಟಡಗಳಿಗೆ ಅದೇ ಒಳ್ಳೆಯ ಬೆಳಕು. ಸಂಜೆ ಆರಕ್ಕೆ ಬಸಣ್ಣ ನನ್ನ ಟ್ರೈಪಾಡ್ ಹೆಗಲಿಗೇರಿಸಿಕೊಂಡು ಕೆಲಸದವರ ಲಿಫ್ಟಿನಲ್ಲಿ ಮೇಲೆ ಕರೆದೊಯ್ದ. ಕಲಬುರಗಿ ಕಡೆಯವನು, ಮಾತು ಕಡಿಮೆ. ಕೆಲಸದವರೆಲ್ಲ ಐದಕ್ಕೇ ಹೋಗಿದ್ದರು. ಮನೆಗಳಿಗೆ ಕರೆಂಟು ಬಂದಿರಲಿಲ್ಲ. ನಲ್ಲಿಗಳಿದ್ದವು, ನೀರಿರಲಿಲ್ಲ.

ಅಕ್ಕನ ಅಡುಗೆಮನೆಯ ಫೋಟೋ ತೆಗೆದ ಮೇಲೆ ಅವಳ ಬಾಗಿಲಲ್ಲೇ ಕ್ಯಾಮೆರಾ ನಿಲ್ಲಿಸಿದೆ. ಮುಂದೆ ಉದ್ದನೆಯ ಪ್ಯಾಸೇಜು. ಅದರ ಕೊನೆಯ ಕಿಟಕಿಯಾಚೆ, ಕೆಳಗೆ, ಇನ್ನೂ ಕೆಡವದ ಹಳೆಯ ಬಿಲ್ಡಿಂಗುಗಳ ಟೆರೇಸುಗಳು. ಹಳೆಯದೂ ಹೊಸದೂ ಒಂದೇ ಚೌಕಟ್ಟಿನಲ್ಲಿ ಕೂತಿದ್ದವು.

ಆಗ ಮೆಟ್ಟಿಲ ಕಡೆಯಿಂದ ಒಂದು ಹೆಂಗಸಿನ ದನಿ ಕೇಳಿತು.

"ಪಾಣೀ ಆಲಂ ಕಾ?"

ನೀರು ಬಂತಾ ಎಂದು ಮರಾಠಿಯಲ್ಲಿ ಕೇಳಿದ್ದು. ವಯಸ್ಸಾದ, ದಣಿದ ದನಿ. ಬಸಣ್ಣ ತಲೆ ಎತ್ತದೆಯೇ, "ಆಲಂ, ಆಲಂ," ಎಂದ. ಬಂದಿದೆ, ಬಂದಿದೆ. ಹೆಜ್ಜೆಗಳು ನಿಧಾನವಾಗಿ ಕೆಳಗಿಳಿದವು.

"ಯಾರದು ಬಸಣ್ಣ?"

"ಯಾರೂ ಇಲ್ರಿ ಸರ."

"ನೀನೇ ಉತ್ತರ ಕೊಟ್ಟಿಯಲ್ಲ?"

"ದಿನಾ ಈ ಹೊತ್ತಿಗಿ ಕೇಳ್ತದರಿ. ಉತ್ತರ ಕೊಟ್ರ ಹೋಗ್ತದ."

ನಾನು ನಕ್ಕೆ. ಅವನು ನಗಲಿಲ್ಲ.

ಅಷ್ಟರಲ್ಲಿ ಕೆಳಗೆ ಗೇಟಿನ ಮುಂದೆ ಲಾರಿಯೊಂದು ಹಾರ್ನ್ ಹೊಡೆಯತೊಡಗಿತು. ಗೇಟು ತೆಗೆಯಲು ಬಸಣ್ಣ ಹೋಗಲೇಬೇಕಾಯಿತು. ಲಿಫ್ಟಿನ ಹತ್ತಿರ ನಿಂತು ಹೇಳಿದ, "ಮತ್ತ ಕೇಳಿದ್ರ ಸುಮ್ನ ಇರಬ್ಯಾಡ್ರಿ ಸರ."

ಬೆಳಕು ಹೋಗುತ್ತಿತ್ತು. ನಾಲ್ಕು ನಿಮಿಷ ಶಟರ್ ತೆರೆದಿಡಬೇಕಾದ ಚಿತ್ರ. ಬಟನ್ ಒತ್ತಿ, ಕ್ಯಾಮೆರಾ ಅಲುಗದಂತೆ ಅದರ ಹಿಂದೆ ಉಸಿರು ಬಿಗಿಹಿಡಿದು ನಿಂತೆ. ಒಂದು ನಿಮಿಷವೂ ಆಗಿರಲಿಲ್ಲ...

"ಪಾಣೀ ಆಲಂ ಕಾ?"

ಬಾಯಿ ತೆರೆದೆ. ದನಿ ಹೊರಡಲಿಲ್ಲ.

ಹೆಜ್ಜೆಗಳು ಮೆಟ್ಟಿಲು ಹತ್ತತೊಡಗಿದವು. ಒಂದು ಮೆಟ್ಟಿಲು, ಒಂದು ನಿಟ್ಟುಸಿರು. ಗೋಡೆಗೆ ಲೋಹದ ಪಾತ್ರೆ ಉಜ್ಜಿದ ಸದ್ದು. ಬಳೆಗಳ ಸದ್ದು. ಬಣ್ಣದ ವಾಸನೆಯ ನಡುವೆ, ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆಯ ಒದ್ದೆ ವಾಸನೆ ಮೂಗಿಗೆ ಬಡಿಯಿತು. ಪ್ಯಾಸೇಜಿನಲ್ಲಿ ಯಾರೂ ಇಲ್ಲ. ಕಿಟಕಿಯ ನೀಲಿ ಬೆಳಕಿನಲ್ಲಿ ಟೈಲ್ಸು ಕೊನೆಯವರೆಗೂ ಕಾಣುತ್ತಿತ್ತು. ಯಾರೂ ಇಲ್ಲ... ಆದರೆ ಹೆಜ್ಜೆಗಳು ನನ್ನ ಕಡೆಗೇ ಬರುತ್ತಿದ್ದವು.

ನನ್ನ ಬೆನ್ನ ಹಿಂದೆ, ಅಕ್ಕನ ಬಚ್ಚಲಿನ ಒಣ ಕೊಳವೆ ಗೊರ್ ಎಂದಿತು.

ದನಿ ಈಗ ಕ್ಯಾಮೆರಾದ ಆಚೆ, ಕೈಯಳತೆಯಲ್ಲಿತ್ತು. ಸಿಟ್ಟಿರಲಿಲ್ಲ. ಬರೀ ದಣಿವು.

"ಪಾಣೀ ಆಲಂ ಕಾ, ಬಾಳಾ?"

ಮಗನೇ ಎಂದು ಕರೆದದ್ದು ಕೇಳಿ ಬಸಣ್ಣನ ಸುಳ್ಳು ನೆನಪಾಗಲಿಲ್ಲ. ಬಾಯಿಗೆ ಬಂದದ್ದು ನಿಜ.

"ನಾಹೀ," ಎಂದೆ. ಬಂದಿಲ್ಲ.

ಆಮೇಲೆ ನನ್ನ ಕಾಲ ಮುಂದೆಯೇ ಪಾತ್ರೆಯನ್ನು ನೆಲಕ್ಕಿಟ್ಟ ಸದ್ದು. ಅದರ ಹಿಂದೆಯೇ, ಮಂಡಿ ನೋವಿರುವವರು ಗೋಡೆ ಹಿಡಿದು ಮೆಲ್ಲನೆ ಕೂರುವಾಗ ಕೇಳುವ ಆ ಉಸಿರು...

ಬಸಣ್ಣ ಬಂದಾಗ ನಾನು ನಿಂತಲ್ಲೇ ಇದ್ದೆ. ನನ್ನ ಮುಖ ನೋಡಿದ. "ಏನಂದ್ರಿ?"

"ಬಂದಿಲ್ಲ ಅಂದೆ."

ಅವನು ಟ್ರೈಪಾಡ್ ಮಡಚತೊಡಗಿದ. "ಬಂದದ ಅನ್ಬೇಕಿತ್ರಿ ಸರ."

"ಈಗ ಏನಾಗ್ತದೆ?"

"ನನಗೇನ್ ಗೊತ್ತರಿ. ಇಲ್ಲಿತನ ನಾವ್ಯಾರೂ 'ಬಂದಿಲ್ಲ' ಅಂದಿಲ್ಲ."

ಹೊರಡುವಾಗ ಟಾರ್ಚ್ ಹಾಕಿ ನೆಲ ನೋಡಿದೆವು. ಒಣಗಿತ್ತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಚಿತ್ರ ತೆರೆದೆ. ಖಾಲಿ ಪ್ಯಾಸೇಜು, ನೀಲಿ ಕಿಟಕಿ. ಅಕ್ಕನ ಹೊಸ್ತಿಲ ಪಕ್ಕದ ಟೈಲ್ಸಿನ ಮೇಲೆ ಮಾತ್ರ ಒದ್ದೆ ಉಂಗುರವೊಂದು ಹೊಳೆಯುತ್ತಿತ್ತು, ಒದ್ದೆ ಪಾತ್ರೆ ಇಟ್ಟಲ್ಲಿ ಮೂಡುವಂಥದ್ದು. ಪುಸ್ತಕಕ್ಕೆ ಆ ಚಿತ್ರ ಕೊಡಲಿಲ್ಲ. ಅಕ್ಕನಿಗೆ ಅಡುಗೆಮನೆಯದ್ದನ್ನು ಮಾತ್ರ ಕಳಿಸಿದೆ. ಅದನ್ನು ಅವಳು ಊರಿಗೆಲ್ಲ ತೋರಿಸಿದಳಂತೆ.

ಯುಗಾದಿ ಕಳೆದು ಅಕ್ಕನ ಮನೆಯವರು ಆ ಟವರಿಗೆ ವಾಸಕ್ಕೆ ಹೋದರು. ಏನೇನೋ ನೆಪ ಹೇಳಿ ಎರಡು ತಿಂಗಳು ತಳ್ಳಿದ ಮೇಲೆ ಒಂದು ಭಾನುವಾರ ನಾನೂ ಹೋದೆ. ಮನೆ ಚೆನ್ನಾಗಿತ್ತು. ಭಾವ ಖುಷಿಯಾಗಿದ್ದರು. ಕತ್ತಲಾಗುವ ಮೊದಲೇ ಎದ್ದೆ. ಯಾರನ್ನೂ ಊಟ ಹಾಕದೆ ಕಳಿಸದ ಅಕ್ಕ, ಅಂದು "ಹೂಂ, ಹೊರಡು," ಎಂದಳು.

ಬಾಗಿಲು ತೆಗೆದರೆ ಹೊಸ್ತಿಲ ಪಕ್ಕದಲ್ಲಿ ಸ್ಟೀಲಿನ ಕೊಡಪಾನ. ತುಂಬ ನೀರು, ಮೇಲೊಂದು ತಟ್ಟೆ ಮುಚ್ಚಿದೆ.

"ಇದೇನಕ್ಕ?"

ಅವಳು ಒಳಗೆ ಭಾವನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಇಲ್ಲಿ ಯಾರೋ ಕೂತು ಕಾಯ್ತಿದ್ದ ಹಾಗೆ ಆಗ್ತದೆ. ಅದಕ್ಕೆ ಇಡ್ತೇನೆ."

"ಇಟ್ಟರೆ?"

"ಬೆಳಿಗ್ಗೆ ಖಾಲಿ ಇರ್ತದೆ. ಆದ್ರೆ ಎದ್ದು ಹೋದ ಹಾಗೆ ಕಾಣುದಿಲ್ಲ."

ಲಿಫ್ಟು ಬರುವ ತನಕ ನಾನು ಆ ಕೊಡಪಾನಕ್ಕೆ ಬೆನ್ನು ಹಾಕಲಿಲ್ಲ. ಅಲ್ಲಿ ಕೇಳಿದವರಿಗೆ ನಾನು ಏನು ಉತ್ತರ ಕೊಟ್ಟಿದ್ದೆ ಎಂದು ಅಕ್ಕನಿಗೆ ಇಂದಿಗೂ ಹೇಳಿಲ್ಲ.