ವಾಪಸ್ ಬಾರದ ಕೋವಿ

ನಿಮ್ಮ ಮನೆಯಲ್ಲಿ ಬೆಳೆ ಕಾಯುವ ಕೋವಿ ಇತ್ತಾ? ಯಾರೋ ಹೋಗಿ ಹೇಳಿದ ಒಂದು ಮಾತಿಗೆ ಅದನ್ನು ಪೊಲೀಸರು ಇಟ್ಟುಕೊಂಡದ್ದಿದೆಯಾ? ನಮ್ಮ ತವರಿನಲ್ಲಿ ಹಾಗಾಗಿತ್ತು, 2004ರ ಚುನಾವಣೆಯ ವರ್ಷ.

ನನ್ನ ತವರು ಬಾಳೆಗುಳಿಯಿಂದ ಸ್ವಲ್ಪ ಒಳಗೆ. ನಾನು ಮದುವೆಯಾಗಿ ಮಲ್ಲಾಪುರದ ಕ್ವಾರ್ಟರ್ಸ್‌ನಲ್ಲಿದ್ದೆ. ಚುನಾವಣೆ ಬಂತೆಂದರೆ ಲೈಸೆನ್ಸ್ ಇದ್ದವರೆಲ್ಲ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಕೊಟ್ಟು ಬರಬೇಕು, ಮುಗಿದ ಮೇಲೆ ವಾಪಸ್ ತರಬೇಕು. ಆ ವರ್ಷ ಊರಿನವರಿಗೆಲ್ಲ ಸಿಕ್ಕಿತು, ನನ್ನ ಅಣ್ಣ ಗಣಪತಿಗೆ ಮಾತ್ರ ಸಿಗಲಿಲ್ಲ. "ನಿನ್ನ ಕೈಯಲ್ಲಿ ಕೋವಿ ಇರೂದು ಅಪಾಯ ಅಂತ ಒಬ್ರು ಹೇಳಿದ್ರು" ಎಂದಷ್ಟೇ ಹೇಳಿ ಕಳಿಸಿದರು. ಯಾರು ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಅಣ್ಣನಿಗೆ ಅನುಮಾನ ಪಕ್ಕದ ಗದ್ದೆಯ ಹೊನ್ನಪ್ಪನ ಮೇಲೆ. ಬೇಲಿಯ ವಿಷಯಕ್ಕೆ ಇಬ್ಬರಿಗೂ ಮಾತು ನಿಂತಿತ್ತು. ಅವನಲ್ಲದೆ ಮತ್ಯಾರು ಎಂದು ನಮಗೆಲ್ಲರಿಗೂ ಅನಿಸಿತ್ತು.

ಚೌತಿಗೆಂದು ನಾನು ತವರಿಗೆ ಹೋದಾಗ ಭತ್ತ ತೆನೆ ಬಿಟ್ಟಿತ್ತು. ಮಾರನೇ ಬೆಳಿಗ್ಗೆ ನೋಡಿದರೆ ಹಂದಿ ನುಗ್ಗಿ ಅರ್ಧ ಗದ್ದೆ ಚಾಪೆ ಹಾಸಿದ ಹಾಗೆ ಮಲಗಿದೆ. ಅಣ್ಣ ಕತ್ತಿ ಹಿಡಿದು ಸೀದಾ ಹೊನ್ನಪ್ಪನ ಅಂಗಳಕ್ಕೆ ಹೋದ. ನಾನೂ ಅತ್ತಿಗೆಯೂ ಹಿಂದೆಯೇ ಓಡಿದೆವು.

"ನನ್ನ ಕೋವಿ ತಪ್ಸಿದೆ. ಈಗ ನಿನ್ನ ಹೊಟ್ಟೆ ತಣ್ಣಗಾಯ್ತಾ?"

ಹೊನ್ನಪ್ಪ ಹಲ್ಲುಜ್ಜುತ್ತಿದ್ದ. "ಹೋಗಾ ಮಾರಾಯಾ. ನಿನ್ನ ಬಗ್ಗೆ ಹೇಳೂದಿದ್ರೆ ನಿನ್ನ ಮೋರೆ ಎದುರೇ ಹೇಳ್ತೆ. ಠಾಣೆ ಮೆಟ್ಟಿಲು ಹತ್ತೂಕೆ ನನ್ಗೆ ಬೇರೆ ಕೆಲ್ಸಿಲ್ವಾ?"

ಅಣ್ಣ ಇನ್ನೊಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಅತ್ತಿಗೆ ಅಡ್ಡ ನಿಂತರು. "ಅವ್ರಿಗೆ ಬೈಬೇಡಿ. ಸಾಹೇಬ್ರ ಹತ್ರ ಹೇಳಿದ್ದು ನಾನು."

ಹಿಂದಿನ ವರ್ಷ ಅಣ್ಣ ಅತ್ತಿಗೆಯ ಒಬ್ಬಳೇ ಮಗಳು ಜ್ವರದಲ್ಲಿ ತೀರಿಕೊಂಡಿದ್ದಳು. ಅದಾದ ಮೇಲೆ ಅಣ್ಣ ಗದ್ದೆಯ ಮಾಳದಲ್ಲೇ, ಆ ಕಾವಲು ಅಟ್ಟಣೆಯ ಮೇಲೇ ಮಲಗುತ್ತಿದ್ದ. ಹಂದಿ ಕಾಯಲು ಎಂದು ನಾವು ತಿಳಿದಿದ್ದೆವು.

"ಹಂದಿ ಕಾಯೂಕೆ ಹೋದವ್ರು ಒಂದ್ ಈಡಾದ್ರೂ ಹೊಡೀಬೇಕಲ್ಲ?" ಅತ್ತಿಗೆ ನನ್ನ ಕಡೆ ತಿರುಗಿ ಹೇಳಿದರು. "ಶೇಂಗಾ ಪೂರಾ ಹಂದಿ ತಿಂದ್ಕಂಡು ಹೋಯ್ತು, ಇವ್ರ ಕೋವಿ ಸಪ್ಪಳಿಲ್ಲ. ತೋಟೆ ತುಂಬಿದ ಕೋವಿ ತೊಡೆ ಮೇಲೆ ಇಟ್ಕಂಡು ಸುಮ್ನೆ ಕೂತಿರೂದು. ಆ ತೋಟೆ ಯಾರಿಗೆ ಅಂತ ನಾ ಯಾರ ಹತ್ರ ಕೇಳೂದು ತಂಗಿ? ಚುನಾವಣೆ ಬಂತು. ಹೆಂಗೂ ಠಾಣೆಗೆ ಹೋಗ್ತದೆ, ವಾಪಸ್ ಕೊಡಬೇಡಿ ಅಂತ ಹೇಳಿ ಬಂದೆ."

ಅಣ್ಣ ಇಲ್ಲ ಎನ್ನಲಿಲ್ಲ. ಕತ್ತಿ ಕೆಳಗಿಟ್ಟು ಹೊನ್ನಪ್ಪನ ಜಗಲಿಯ ಮೇಲೆ ಕೂತುಬಿಟ್ಟ.

ಹೊನ್ನಪ್ಪ ಬಾಯಿ ಮುಕ್ಕಳಿಸಿ ಬಂದ. "ಅಕ್ಕ ಮಾಡಿದ್ದು ಸರಿ. ಆದ್ರೆ ನಾ ಬೇಲಿ ಸಿಟ್ಟಿಗೆ ಹೋಗಿ ಸುಳ್ಳು ಹೇಳಿದ್ರೂ ಹಿಂಗೇ ಇಟ್ಕಂತಿದ್ರು ಅಲ್ವಾ? ಖರೆ ಹೌದಾ ಅಂತ ಒಬ್ರಾದ್ರೂ ಬಂದು ಕೇಳಿದ್ರಾ?" ಅವನು ಅಣ್ಣನ ಪಕ್ಕ ಕೂತ. "ಚಾ ಕುಡಿ. ಇವತ್ತಿಂದ ನಿನ್ನ ಗದ್ದೆನೂ ನಾನೇ ಕಾಯ್ತೆ. ಬೇಲಿ ಮಾತ್ರ ಬಿಡೂದಿಲ್ಲ, ಹೇಳಿಬಿಟ್ಟೆ."

ಅಣ್ಣ ನಕ್ಕ. ಆಮೇಲೆ ಅತ್ತ.

ಎರಡು ವರ್ಷದ ಮೇಲೆ ಅತ್ತಿಗೆಯೇ ಅವನನ್ನು ಕರೆದುಕೊಂಡು ಹೋಗಿ ಕೋವಿ ಬಿಡಿಸಿ ತಂದರು. ಆ ಸಂಜೆ ನಾನು ಅಲ್ಲೇ ಇದ್ದೆ. ಅತ್ತಿಗೆ ಕಾಯಿ ತುರಿಯುತ್ತಿದ್ದರು. ಗದ್ದೆಯ ಕಡೆಯಿಂದ ಈಡಿನ ಸಪ್ಪಳ ಬಂತು. ಅವರ ಕೈ ನಿಂತಿತು. ಸ್ವಲ್ಪ ಹೊತ್ತಿಗೆ ಅಣ್ಣನ ದೊಡ್ಡ ದನಿ ಕೇಳಿಸಿತು. ಹಂದಿಯ ಇಡೀ ವಂಶಕ್ಕೆ ಬೈಯುತ್ತಿದ್ದ.

"ಹೊಡೆದ್ರು" ಎಂದು ಅತ್ತಿಗೆ ಮತ್ತೆ ತುರಿಯತೊಡಗಿದರು.

ಒಬ್ಬರ ಮಾತಿಗೇ ಕೋವಿ ಇಟ್ಟುಕೊಳ್ಳುವುದು ಸರಿಯಾ ಎಂದು ಯಾರಾದರೂ ಕೇಳಿದರೆ ನನಗೆ ಹೊನ್ನಪ್ಪನ ಪ್ರಶ್ನೆಯೂ ನೆನಪಾಗುತ್ತದೆ, ಅತ್ತಿಗೆಯ ನಿಂತ ಕೈಯೂ ನೆನಪಾಗುತ್ತದೆ. ನಿಮ್ಮಲ್ಲಿ ಯಾರದಾದರೂ ಕೋವಿ ಸುಳ್ಳು ಮಾತಿಗೆ ಹೋಗಿದ್ದರೆ ಬರೆಯಿರಿ. ನಿಜವಾದ ಮಾತಿಗೆ ಹೋಗಿ ಒಬ್ಬರ ಜೀವ ಉಳಿದಿದ್ದರೆ ಅದನ್ನೂ ಬರೆಯಿರಿ, ಓದುತ್ತೇನೆ.